‘ಸತಿ ಸುಲೋಚನಾ’ ವಾಕ್ಚಿತ್ರದ ಗತಿ

ಹಳೆಯ ಚಿತ್ರಗಳ ಮುದ್ರಿಕೆಗಳನ್ನು ಮನೆಯಲ್ಲಿ ಕೂಡಿಡುವ ಕನ್ನಡಿಗ ರಸಿಕರು ಮೊದಲು ಅರಸುವ ಹೆಸರು ‘ಸತಿ ಸುಲೋಚನಾ’. ಕನ್ನಡದ ಈ ಪ್ರಥಮ ವಾಕ್ಚಿತ್ರವು 1934ನೆಯ ಇಸವಿ ಮಾರ್ಚಿ 3ರಂದು ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಚಮನ್‌ಲಾಲ್ ಡೂಂಗಾಜಿಯವರು ಬಂಡವಾಳವನ್ನೊದಗಿಸಿದರು, ವೈ. ವಿ. ರಾಯರು ನಿರ್ದೇಶಿಸಿದರು, ಸಾಹಿತ್ಯವು ಬೆಳ್ಳಾವೆ ನರಹರಿಶಾಸ್ತ್ರಿಗಳದು. ಚಿತ್ರಗ್ರಹಣವು ನಡೆದುದು ದೂರದ ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ! ಸುಬ್ಬಯ್ಯನಾಯುಡು ಇಂದ್ರಜಿತುವಾಗಿಯೂ, ತ್ರಿಪುರಾಂಬಾ ಸುಲೋಚನೆಯಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದ್ದರು.

ಇದರ ಒಂದು ಪ್ರತಿಯೂ ಉಳಿದುಬಂದಿಲ್ಲ. ಅಂದಿನ ಸುರುಳಿಗಳು ನೈಟ್ರೇಟಿನವು. ಸುಲಭವಾಗಿ ಬೆಂಕಿಗೆ ತುತ್ತಾಗುವುವು, ಸೆಕೆಯಲ್ಲಿ ಕೊಳೆತು ಪುಡಿಯಾಗುವುವು. ಅದಕ್ಕಿಂತಲೂ ಶೋಚನೀಯವಾದ ರೂಢಿಯೊಂದಿದ್ದಿತು: ಆಟ ಮುಗಿದ ಚಿತ್ರಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿಬಿಡುತ್ತಿದ್ದರು. ತಾಳೆಯ ಗರಿಗಳನ್ನು ಎಣ್ಣೆ ಸವರಿ ಕಾದಿರಿಸಿದ ನಾಡಿನಲ್ಲಿ ಹೀಗಾಯಿತು! ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯವು ಹುಟ್ಟಿದುದು 1964ರಲ್ಲಿ. ಅಷ್ಟರೊಳಗೆ ಮೂವತ್ತು ವರ್ಷಗಳು ಸಂದಿದ್ದುವು. ಹಿಂದಿಯ ಪ್ರಥಮ ವಾಕ್ಚಿತ್ರ ‘ಆಲಂ ಆರಾ’ (1931) ಕೂಡ ಇದೇ ಗತಿಯನ್ನು ಕಂಡಿತು.

ಮುಪ್ಪಿನ ನಾಗೇಂದ್ರರಾಯರನ್ನು ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದಲ್ಲಿ ನಾವು ಇಂದಿಗೂ ಮನೆಯಲ್ಲಿಯೇ ಕುಳಿತು ನೋಡಬಹುದು. ಅವರ ರಾವಣನ ಗರ್ಜನೆ ಎಂತಿದ್ದಿತೆಂಬುದನ್ನು ಮಾತ್ರ ಆ ದನಿಯಿಂದ ಊಹಿಸಿಕೊಳ್ಳಬೇಕಾಗಿದೆ.