ನೋಡ್ಕಂಡ್ ಓಗಪ್ಪ

ಹಲಗೂರಿನಲ್ಲಿ ಕನಕಪುರದ ಕಡೆಯ ಬಸ್ಸು ಹತ್ತುವಾಗೆಲ್ಲ ಅವ್ವ ಹೇಳುವುದು ಒಂದೇ ಮಾತು: "ನೋಡ್ಕಂಡ್ ಓಗಪ್ಪ." ಕೆಲಸದ ದೆಸೆಯಿಂದ ವರ್ಷದಲ್ಲಿ ನಾಲ್ಕಾರು ತಿಂಗಳು ದೇಶ ಸುತ್ತುವವನು ನಾನು. ಮಳವಳ್ಳಿ ಸಂತೆಗೆ ಹೊರಟರೂ ಅದೇ ಮಾತು, ಟೊರಾಂಟೊಗೆ ಹೊರಟರೂ ಅದೇ ಮಾತು. ದೂರದ ಊರುಗಳನ್ನು ಕಂಡಷ್ಟೂ ಆ ಮಾತು ನನಗೆ ದೊಡ್ಡದಾಗುತ್ತಾ ಬಂದಿದೆ.

'ನೋಡು' ಜೊತೆಗೆ 'ಕೊಳ್ಳು' ಕೂಡಿದರೆ 'ನೋಡಿಕೊಳ್ಳು'. ಬರವಣಿಗೆಯ 'ನೋಡಿಕೊಂಡು' ನಮ್ಮ ಸೀಮೆಯ ಬಾಯಲ್ಲಿ 'ನೋಡ್ಕಂಡು'. 'ಜಾತ್ರೆ ನೋಡ್ಕಂಡ್ ಬಂದೆ' ಎಂದರೆ ಕಣ್ತುಂಬ ನೋಡಿ ಬಂದೆ. 'ನೋಡ್ಕಂಡ್ ಕಾಲಿಡು' ಎಂದರೆ ಹುಷಾರು, ಕಲ್ಲಿದೆ, ಕೆಸರಿದೆ. 'ಸೊಸೆ ಅತ್ತೇನ ಚೆನ್ನಾಗಿ ನೋಡ್ಕತಾಳೆ' ಎಂದಾಗ ಅದು ಹೊತ್ತುಹೊತ್ತಿಗೆ ಗಂಜಿ ಕಾಯಿಸಿ ಕೊಡುವ, ರಾತ್ರಿ ಎದ್ದು ಕಂಬಳಿ ಸರಿಮಾಡುವ ಕೆಲಸ. ಬದುವಿನ ಜಗಳದಲ್ಲಿ 'ನೋಡ್ಕತೀನಿ ಬಾ ನಿನ್ನ' ಎಂದರೆ ಬೇರೆಯೇ ಸಂಗತಿ. ಕಾಯುವುದಕ್ಕೂ ಈ ಕ್ರಿಯಾಪದವೇ ಬೇಕು, ದಾರಿ ನೋಡುತ್ತೇವೆ. ಸಾರಿಗೆ ಉಪ್ಪು ಸಾಕೇ ಅಂತ ರುಚಿ ನೋಡುತ್ತೇವೆ. ನಾಲಗೆಗೂ ಕಣ್ಣು ಕೊಟ್ಟ ಭಾಷೆ ಇದು.

ಹಿಂದೆ 'ನೋಟಗಾರ' ಅಂತ ಒಬ್ಬನಿರುತ್ತಿದ್ದ. ನಾಣ್ಯ ಪರೀಕ್ಷಿಸಿ ಯಾವುದು ಸಾಚಾ, ಯಾವುದು ಖೋಟಾ ಎಂದು ಹೇಳುವುದು ಅವನ ಕಸುಬು. ನೋಡುವುದೇ ಒಂದು ದುಡಿಮೆ ಎಂದು ನಮ್ಮವರು ಬಗೆದಿದ್ದರು ಎಂಬುದು ನನಗೆ ಬಹಳ ಹಿಡಿಸುತ್ತದೆ.

ನಯಾಗರಾ ಮುಂದೆ ಮೊದಲ ಸಲ ನಿಂತಾಗ ಕೆನಡಾ ಕಡೆಯ ಕಟಕಟೆಯ ಉದ್ದಕ್ಕೂ ಜನವೋ ಜನ. ಕುದುರೆ ಲಾಳದ ಆಕಾರದ ಆ ಅಂಚಿನಲ್ಲಿ ನೀರು ಬಿಳಿಯಾಗುವ ಮೊದಲು, ಬಾಗುವ ಜಾಗದಲ್ಲಿ, ಹಸಿರು ಗಾಜಿನಂತೆ ಒಂದು ಗಳಿಗೆ ನಿಂತಂತಿರುತ್ತದೆ. ನಾನು ಆ ಹಸಿರನ್ನೇ ಅರ್ಧ ಗಂಟೆ ನೋಡಿದೆ. ಆ ನೀರಿನ ಲೆಕ್ಕ ತಿಳಿದದ್ದು ಆಮೇಲೆ. ಅಲ್ಲಿ ವಿದ್ಯುತ್ತಿಗೆ ನೀರು ತಿರುಗಿಸುತ್ತಾರೆ. ಆದರೆ 1950ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರವಾಸಿಗರು ನೋಡುವ ಹೊತ್ತಿನಲ್ಲಿ ಸೆಕೆಂಡಿಗೆ ಕಡಿಮೆಯೆಂದರೂ 1 ಲಕ್ಷ ಘನ ಅಡಿ ನೀರು ಜಲಪಾತದ ಮೇಲೆಯೇ ಹರಿಯಬೇಕು, ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು ಎಂದು ಬರೆದಿಟ್ಟಿವೆ. ನಮ್ಮ ಮಾತಿನಲ್ಲಿ 1 ಲಕ್ಷ ಕ್ಯೂಸೆಕ್. ಮಂಡ್ಯದ ಹೈಸ್ಕೂಲು ಹುಡುಗನನ್ನು ಕೇಳಿ, ಕ್ಯೂಸೆಕ್ ಎಂದರೇನೆಂದು ಹೇಳುತ್ತಾನೆ. ಬರೀ ಕಣ್ಣಿಗಾಗಿ ಅಷ್ಟು ನೀರು ಕಾಯ್ದಿಟ್ಟಿದ್ದಾರೆ ಎಂದು ತಿಳಿದಾಗ ಎದೆ ಭಾರವಾಯಿತು. ಹೊಟ್ಟೆಕಿಚ್ಚಲ್ಲ, ನೆನಪಾದದ್ದು ಗಗನಚುಕ್ಕಿ.

ಶಿವನಸಮುದ್ರ ನಮ್ಮೂರಿಗೆ ಹತ್ತಿರ. ಅಲ್ಲಿ ಕಾವೇರಿ ಕವಲೊಡೆದು ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಆ ನೀರಿನಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ನೋಡುವವರ ಪಾಲು ಇಷ್ಟು ಎಂದು ಯಾರೂ ಬರೆದಿಡಲಿಲ್ಲ. ಬೇಸಿಗೆಯಲ್ಲಿ ಹೋದರೆ ಕಪ್ಪು ಬಂಡೆಯ ಮೇಲೆ ನಾಲ್ಕು ಎಳೆ ನೀರು. ಅದು ಅನ್ಯಾಯವೆಂದು ನಾನು ಹೇಳಲಾರೆ, ದೀಪವೂ ಕಣ್ಣಿಗೇ ಬೇಕಾದದ್ದು.

ಜುಲೈ ಹತ್ತಿರವಾದಂತೆ ಬೆಂಗಳೂರಿನ ಗೆಳೆಯರ ಫೋನು ಶುರು: "ನೀರು ಬಿಟ್ಟವ್ರಾ?" ಅದೇ ವಾರ ನಮ್ಮ ಜಿಲ್ಲೆಯ ಜನ ಒಬ್ಬರನ್ನೊಬ್ಬರು ಕೇಳುವುದು, "ಕಟ್ಟೆ ಎಷ್ಟಾಯ್ತು?" ಕಟ್ಟೆ ಎಂದರೆ ಕನ್ನಂಬಾಡಿ. 124.80 ಅಡಿ ಎಂಬ ಸಂಖ್ಯೆ ಇಲ್ಲಿ ಮಗ್ಗಿಯ ಹಾಗೆ ಬಾಯಿಪಾಠ. ಕಟ್ಟೆ ತುಂಬಿ ಹೆಚ್ಚಾದ ನೀರು ಹೊರಬಿದ್ದಾಗ ಗಗನಚುಕ್ಕಿ ಬೆಳ್ಳಗೆ ಉಬ್ಬುತ್ತದೆ. ಬಂದವರಿಗೆ ಅದು ಸೊಬಗು. ನಾಲೆ ಬಯಲಿನವರಿಗೆ ಈ ವರ್ಷ ಭತ್ತ ನಾಟಿ ಹಾಕಬಹುದು ಎಂಬ ಮಾತು. ಮಳೆಯನ್ನೇ ನೆಚ್ಚಿ ರಾಗಿ ಚೆಲ್ಲುವ ನಮ್ಮ ಹಲಗೂರಿನವರು ಆ ಭೋರ್ಗರೆತ ಕೇಳಿದ ಮೇಲೂ ಮುಗಿಲನ್ನೇ ನೋಡುತ್ತಾರೆ.

ನಮ್ಮ ಚಿಕ್ಕಪ್ಪ ಬೆಳಗಾಗೆದ್ದು ಹೆಗಲಿಗೆ ಟವಲು ಹಾಕಿಕೊಂಡು ಹೇಳುವುದೂ, "ಒಲ ನೋಡ್ಕಂಡ್ ಬತ್ತೀನಿ." ನಿನ್ನೆ ನೋಡಿದ ಹೊಲವೇ, ಮೊನ್ನೆ ನೋಡಿದ ಹೊಲವೇ. ಒಂದು ಸಲ ಜೊತೆಗೆ ಹೋಗಿದ್ದೆ. ಬದುವಿನ ಮೇಲೆ ಕೂತು ಒಂದು ತೆನೆ ಮುರಿದು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದರು. ಉಫ್ ಎಂದು ಊದಿದರು. ಹೊಟ್ಟು ಹಾರಿ ಕಾಳು ಉಳಿಯಿತು, ಅದರಲ್ಲಿ ಎರಡನ್ನು ಮುಂಬಲ್ಲಿನಲ್ಲಿ ಕಡಿದರು. "ಇನ್ನೂ ಆಲೈತೆ, ಎಂಟು ದಿನ ತಡೀಬೇಕು" ಎಂದರು. ಆಮೇಲೆ ಏಳಲಿಲ್ಲ. ಎರಡನೇ ಸಾಲಿನ ಬುಡದಲ್ಲಿ ಇರುವೆ ಸಾಲೊಂದು ಹೋಗುತ್ತಿತ್ತು, ಅದು ಎಲ್ಲಿಗೆ ಹೋಗುತ್ತದೆಂದು ಬಗ್ಗಿ ನೋಡಿ, ಬಿಲದ ಬಾಯಿಗೆ ಅಡ್ಡವಾಗಿದ್ದ ಹೆಂಟೆ ಸರಿಸಿ, ಆಮೇಲೆ ಎದ್ದರು. ಪ್ಯಾರಿಸ್ಸಿನ ಚಿತ್ರಶಾಲೆಯೊಂದರಲ್ಲಿ ಒಂದೊಂದು ಚಿತ್ರಕ್ಕೆ ಹತ್ತು ಸೆಕೆಂಡು ಕೊಟ್ಟು ಮುಂದೆ ಹೋಗುವವರ ಸಾಲಿನಲ್ಲಿ ನಿಂತಾಗ ನನಗೆ ಆ ಅಂಗೈ ನೆನಪಾಗಿತ್ತು.

ಪ್ರವಾಸಿಗೆ 'ನೋಡ್ಕಂಡು' ಎಂಬುದರ ಮೊದಲರ್ಥ, ಕಣ್ತುಂಬ ನೋಡುವುದು, ಅಷ್ಟು ಮಾತ್ರ ಸಿಕ್ಕರೆ ಏನಾಗುತ್ತದೆಂಬುದು ಕಾವೇರಿ ದಡದ ಮುತ್ತತ್ತಿಗೆ ಗೊತ್ತು. ಸೀತೆಯ ಮುತ್ತು ಕಾವೇರಿಗೆ ಬಿದ್ದಾಗ ಆಂಜನೇಯ ಎತ್ತಿಕೊಟ್ಟ, ಹಾಗಾಗಿ ಅವನು ಮುತ್ತೆತ್ತರಾಯ ಎಂಬುದು ಅಲ್ಲಿಯ ಕಥೆ. ಹಲಗೂರಿನಿಂದ ಕಾಡಿನ ದಾರಿಯಲ್ಲಿ ಇಳಿದು ಹೋದರೆ ಹೊಳೆ ಎಷ್ಟು ಸೌಮ್ಯವಾಗಿ ಕಾಣುತ್ತದೆ! ಮಂಡಿಯುದ್ದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಮಡು. ರಜೆಗೆ ಬಂದು ಈಜಿಗಿಳಿದ ಎಷ್ಟೋ ಹುಡುಗರು ಅಲ್ಲಿಂದ ಮನೆಗೆ ಮರಳಲಿಲ್ಲ. ದಡದಲ್ಲಿ ಕಾಯಿ ಮಾರುವ ಹೆಂಗಸೊಬ್ಬಳು ನೀರಿಗಿಳಿಯುವ ಒಂದೊಂದು ಗುಂಪಿಗೂ ಕೂಗಿ ಹೇಳುವುದನ್ನು ಕೇಳಿದ್ದೇನೆ: "ನೋಡ್ಕಂಡ್ ಇಳೀರಪ್ಪ!" ಅವರು ಯಾರೂ ಅವಳಿಗೆ ಏನೂ ಆಗಬೇಕಾದವರಲ್ಲ.

ನಯಾಗರಾದಿಂದ ಬಂದ ಮೇಲೆ ಫೋನಿನಲ್ಲಿ ತೆಗೆದ ಚಿತ್ರಗಳನ್ನು ಅವ್ವನಿಗೆ ತೋರಿಸಿದೆ. ಜಗುಲಿಯ ಮೇಲೆ ಕನ್ನಡಕ ಏರಿಸಿಕೊಂಡು, ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನೀರನ್ನು ಕಂಡು "ಅಬ್ಬಬ್ಬಾ" ಎಂದರು. ಆಮೇಲೆ ಒಂದು ಚಿತ್ರದಲ್ಲಿ ಬೆರಳು ನಿಂತಿತು. ನಾನು ಗಮನಿಸಿಯೇ ಇರಲಿಲ್ಲ, ಮೂಲೆಯಲ್ಲಿ ನೀಲಿ ಮಳೆಯಂಗಿ ತೊಟ್ಟ ಯಾರೋ ಒಬ್ಬ ಕಟಕಟೆಯ ಆಚೆಗೆ ಮೈ ಚಾಚಿ ಫೋಟೊ ಹಿಡಿಯುತ್ತಿದ್ದ.

"ಇವ್ನು ಯಾರ್ ಮಗ್ನೋ," ಎಂದರು ಅವ್ವ, "ಅಷ್ಟ್ ಅಂಚಿಗೆ ಓಗವ್ನೆ. ವಸಿ ನೋಡ್ಕಂಡ್ ನಿಂತ್ಕಬಾರ್ದಾ?"