ಟಿವಿ ಪತ್ತೇದಾರನ ಬಲೆಗೆ ಬಿದ್ದು ಕೊಲೆಗಾರ ತಪ್ಪೊಪ್ಪಿಕೊಂಡರೆ ಕೋರ್ಟ್ ಒಪ್ಪುತ್ತಾ? ಕಾನೂನು ಹೇಳೋದೇನು?

ಎಪಿಸೋಡ್ ಮುಗಿಯಲು ಇನ್ನು ಐದೇ ನಿಮಿಷ. 'ಚಾಕುವಿನ ಮೇಲೆ ನಿನ್ನ ಬೆರಳಚ್ಚು ಸಿಕ್ಕಿದೆ' ಎಂದು ಪತ್ತೇದಾರ ಸುಳ್ಳು ಹೇಳುತ್ತಾನೆ. ಬೆವರಿದ ಕೊಲೆಗಾರ ಎಲ್ಲವನ್ನೂ ಬಾಯ್ಬಿಡುತ್ತಾನೆ. ದೂರದರ್ಶನದ 'ಕರಮ್‌ಚಂದ್' ಕಾಲದಿಂದ 1998ರಲ್ಲಿ ಶುರುವಾದ 'ಸಿಐಡಿ'ವರೆಗೆ ವೀಕ್ಷಕರು ಇಂಥ ದೃಶ್ಯ ನೋಡುತ್ತಲೇ ಬಂದಿದ್ದಾರೆ. ಆದರೆ ನಿಜವಾದ ಪ್ರಕರಣ ಅಲ್ಲಿಗೆ ಮುಗಿಯುವುದಿಲ್ಲ.

ತೆರೆಗೆ ಬಂದ ಕನ್ನಡ ನೆಲದ ಅಧಿಕಾರಿ

2024ರ ಅಕ್ಟೋಬರ್‌ನಲ್ಲಿ ಸೋನಿ ಲಿವ್‌ನಲ್ಲಿ ಬಿಡುಗಡೆಯಾದ 'ಮಾನ್ವತ್ ಮರ್ಡರ್ಸ್' ಮರಾಠಿ ಸರಣಿಯ ಪತ್ತೇದಾರ ಕಾಲ್ಪನಿಕ ಪಾತ್ರವಲ್ಲ. ಅಶುತೋಷ್ ಗೋವಾರಿಕರ್ ನಟಿಸಿರುವುದು ಐಪಿಎಸ್ ಅಧಿಕಾರಿ ರಮಾಕಾಂತ ಕುಲಕರ್ಣಿ ಅವರ ಪಾತ್ರದಲ್ಲಿ. ಉತ್ತರ ಕನ್ನಡ ಜಿಲ್ಲೆಯ ಅವರ್ಸಾದಲ್ಲಿ ಹುಟ್ಟಿದ ಕುಲಕರ್ಣಿ, ಮುಂದೆ ಮಹಾರಾಷ್ಟ್ರದ ಪೊಲೀಸ್ ಮಹಾನಿರ್ದೇಶಕರಾದರು. ಇಂದಿನ ಛತ್ರಪತಿ ಸಂಭಾಜಿನಗರ ವಿಭಾಗಕ್ಕೆ ಸೇರಿದ ಪರ್ಭಣಿ ಜಿಲ್ಲೆಯ ಮಾನ್ವತ್‌ನಲ್ಲಿ 1972ರಿಂದ 1974ರ ನಡುವೆ ಬಾಲಕಿಯರು ಮತ್ತು ಮಹಿಳೆಯರ ಸರಣಿ ಕೊಲೆ ನಡೆದಾಗ ತನಿಖೆಗೆ ಇಳಿದವರು ಇವರೇ.

ಕೋಳಿ ಊಟ, ತಲೆಗೆ ಎಣ್ಣೆ

ಅದಕ್ಕೂ ಮೊದಲು, 1968ರಲ್ಲಿ ಮುಂಬೈಯನ್ನು ನಡುಗಿಸಿದ್ದ ರಾಮನ್ ರಾಘವ್ ಪ್ರಕರಣವೂ ಕುಲಕರ್ಣಿ ಅವರ ಕೈಯಲ್ಲಿತ್ತು. ಸೆರೆ ಸಿಕ್ಕ ರಾಘವ್ ಬಹಳ ಹೊತ್ತು ಬಾಯಿಯೇ ಬಿಡಲಿಲ್ಲ. ಕೊನೆಗೆ ಕೋಳಿ ಊಟ ಕೇಳಿದ. ಪೊಲೀಸರು ಹೊಟ್ಟೆ ತುಂಬ ತಿನ್ನಿಸಿದರು. ತಲೆಗೆ ಎಣ್ಣೆ, ಬಾಚಣಿಗೆ, ಕನ್ನಡಿ ಬೇಕೆಂದ. ಅದನ್ನೂ ಕೊಟ್ಟರು. ಆಮೇಲೆ 'ನಿಮಗೇನು ಬೇಕು' ಎಂದು ಅವನೇ ಕೇಳಿದ. ಕೊಲೆಗಳ ವಿವರ ಬೇಕೆಂದಾಗ ಪೊಲೀಸರನ್ನು ಊರೆಲ್ಲ ಸುತ್ತಿಸಿ, ಬಚ್ಚಿಟ್ಟಿದ್ದ ಕಬ್ಬಿಣದ ಸಲಾಕೆಯನ್ನು ತೋರಿಸಿದ.

ಧಾರಾವಾಹಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕಾಯಿತು.

ಕಾನೂನು ಏನು ಹೇಳುತ್ತದೆ?

* ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿ ಮುಂದುವರಿದಿದೆ.

* ಇದಕ್ಕೊಂದು ವಿನಾಯಿತಿ ಇದೆ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಆಯುಧದಂಥ ವಸ್ತು ಸಿಕ್ಕರೆ, ಅದಕ್ಕೆ ನೇರವಾಗಿ ಸಂಬಂಧಿಸಿದ ಮಾತಷ್ಟೇ ಲೆಕ್ಕಕ್ಕೆ ಬರುತ್ತದೆ.

* ಮ್ಯಾಜಿಸ್ಟ್ರೇಟ್ ಮೊದಲು ಆರೋಪಿಯನ್ನು ಎಚ್ಚರಿಸಬೇಕು. ತಪ್ಪೊಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದು ಅವನ ವಿರುದ್ಧವೇ ಬಳಕೆಯಾಗಬಹುದು ಎಂದು ತಿಳಿಸಬೇಕು. ಅವನು ಒಲ್ಲೆ ಎಂದರೆ ಮತ್ತೆ ಪೊಲೀಸ್ ಕಸ್ಟಡಿಗೆ ಕಳುಹಿಸುವಂತಿಲ್ಲ.

* ಬಂಧನಕ್ಕೆ ಮೊದಲು ಖಾಸಗಿ ಪತ್ತೇದಾರನ ಮುಂದೆ ಆಡಿದ ಮಾತು ಸಾಕ್ಷ್ಯವಾಗಬಹುದು. ಕೇವಲ ಮೋಸದಿಂದ ಹೊರಡಿಸಿದ್ದು ಎಂಬ ಕಾರಣಕ್ಕೆ ಅದು ತಿರಸ್ಕೃತವಾಗುವುದಿಲ್ಲ. ಬೆದರಿಕೆ, ಆಮಿಷ ಒಡ್ಡಿದ್ದರೆ ಮಾತು ಬೇರೆ. ಜತೆಗೆ ಇಂಥ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯ ಎಂದೇ ನೋಡುತ್ತವೆ.

ಮಾನ್ವತ್ ಕಲಿಸಿದ ಪಾಠ

ಮಾನ್ವತ್ ಪ್ರಕರಣ 'ದಗಡು ವಿರುದ್ಧ ಮಹಾರಾಷ್ಟ್ರ ರಾಜ್ಯ' ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಕೃತ್ಯದಲ್ಲಿ ಭಾಗಿಯಾಗಿ ನಂತರ ಮಾಫಿ ಸಾಕ್ಷಿಯಾದವನ ಮಾತಿಗೆ ಬೇರೆ ಸಾಕ್ಷ್ಯದ ಬೆಂಬಲ ಬೇಕೆಂಬ ಎಚ್ಚರಿಕೆಯನ್ನು 1977ರ ತೀರ್ಪು ಒತ್ತಿ ಹೇಳಿತು. ಕೆಳ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾಗಿದ್ದ ಕೆಲವರು ಮೇಲ್ಮನವಿಯಲ್ಲಿ ಖುಲಾಸೆಯಾದರು. ಹೆಣ್ಣುಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಇದು ಅರಗಿಸಿಕೊಳ್ಳಲಾಗದ ತುತ್ತು. ಆದರೆ ಗಲ್ಲು ಶಿಕ್ಷೆಯ ಪ್ರಕರಣದಲ್ಲಿ ಬಾಯಿಮಾತನ್ನಷ್ಟೇ ನಂಬಿದರೆ ನಿರಪರಾಧಿಯ ಕೊರಳಿಗೂ ಹಗ್ಗ ಬೀಳಬಹುದು.

ಔಷಧ ಕೊಟ್ಟು ಬಾಯಿ ಬಿಡಿಸುವ ದಾರಿಯೂ ಮುಚ್ಚಿದೆ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಯೇ ಇದಕ್ಕೆ ಆಧಾರ.

ಹಾಗಾಗಿ ಮುಂದಿನ ಬಾರಿ ತೆರೆಯ ಮೇಲೆ ಕೊಲೆಗಾರ 'ಹೌದು, ನಾನೇ ಕೊಂದೆ' ಎಂದಾಗ ನೆನಪಿರಲಿ: ಧಾರಾವಾಹಿ ಅಲ್ಲಿಗೆ ಮುಗಿಯಬಹುದು, ತನಿಖಾಧಿಕಾರಿಯ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.