ಜೋನಿಬೆಲ್ಲದ ನೊರೆ ಮತ್ತು ಯೀಸ್ಟ್ ಕೋಶದ ಲೆಕ್ಕಾಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಆಲೆಮನೆಯಿಂದ ತಂದಿಟ್ಟ ಜೋನಿಬೆಲ್ಲ ಮಳೆಗಾಲದಲ್ಲಿ ಒಮ್ಮೊಮ್ಮೆ ನೊರೆಯೇಳುತ್ತದೆ, ಕಳ್ಳಿನಂತೆ ಹುಳಿವಾಸನೆ ಬೀರುತ್ತದೆ. ಬೆಲ್ಲಕ್ಕೆ ಏನೋ ಬೆರೆಸಿದ್ದಾರೆ ಎಂದು ಅನುಮಾನ ಹುಟ್ಟುವುದು ಆಗಲೇ. ಆದರೆ ನೊರೆಯೊಂದೇ ಕಲಬೆರಕೆಗೆ ಸಾಕ್ಷಿಯಲ್ಲ. ಗಾಳಿಯ ತೇವವೋ ಒದ್ದೆ ಚಮಚವೋ ಮೇಲ್ಪದರವನ್ನು ತೆಳುವಾಗಿಸಿದರೆ, ಸಕ್ಕರೆ ಸಹಿಸಬಲ್ಲ ಯೀಸ್ಟ್‌ಗಳು ಅಲ್ಲಿ ಬೆಳೆಯತೊಡಗುತ್ತವೆ. ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ.

ನೀರಿಲ್ಲದೆ ಸುಮ್ಮನಿದ್ದ ಕೋಶ ಹೀಗೆ ದಿಢೀರನೆ ಬೆಳೆಯುವುದು ಹೇಗೆ? ಇದರ ಉತ್ತರ ಹೆಚ್ಚಾಗಿ ಸಿಕ್ಕಿರುವುದು ಬ್ರೆಡ್ ಉಬ್ಬಿಸುವ ಯೀಸ್ಟ್‌ನಿಂದ. ಅದರ 16 ಕ್ರೋಮೋಸೋಮ್‌ಗಳನ್ನು 1996ರಲ್ಲಿ ಪೂರ್ತಿ ಓದಿ ಮುಗಿಸಲಾಯಿತು; ಅಲ್ಲಿರುವುದು ಸುಮಾರು 6,000 ಜೀನ್‌ಗಳು.

ಬೆಳೆಯಬೇಕಾದರೆ ಪ್ರೋಟೀನ್ ಬೇಕು, ಪ್ರೋಟೀನ್ ತಯಾರಿಸಲು ರೈಬೋಸೋಮ್ ಎಂಬ ಯಂತ್ರ ಬೇಕು. ಒಂದೊಂದು ರೈಬೋಸೋಮ್‌ನಲ್ಲೂ ನಾಲ್ಕು ಆರ್‌ಎನ್‌ಎ ಎಳೆಗಳ ಜೊತೆ 79 ಬಗೆಯ ಪ್ರೋಟೀನ್‌ಗಳಿವೆ. ಚೆನ್ನಾಗಿ ಬೆಳೆಯುತ್ತಿರುವ ಒಂದು ಯೀಸ್ಟ್ ಕೋಶ ನಿಮಿಷಕ್ಕೆ ಸುಮಾರು 2,000 ರೈಬೋಸೋಮ್ ಕಟ್ಟುತ್ತದೆ ಎಂಬ ಅಂದಾಜಿದೆ. ಒಂದು ಬಿಡಿಭಾಗ ಕಡಿಮೆಯಾದರೂ ಉಳಿದವೆಲ್ಲ ದಂಡ.

ಬ್ಯಾಕ್ಟೀರಿಯಾಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಜೀನ್‌ಗಳು ಬಹುಮಟ್ಟಿಗೆ ಬಯಲುಸೀಮೆಯ ಊರಿನಂತೆ ಒತ್ತೊತ್ತಾಗಿ ಕೂತಿರುತ್ತವೆ. ಒಮ್ಮೆ ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಯೀಸ್ಟ್‌ನದು ಮಲೆನಾಡಿನ ವ್ಯವಸ್ಥೆ, ತೋಟಕ್ಕೊಂದು ಮನೆ. ರೈಬೋಸೋಮ್‌ನ ಜೀನ್‌ಗಳು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ ಚದುರಿವೆ. ಆದರೆ ಬಹುತೇಕ ಎಲ್ಲವುಗಳ ಬಾಗಿಲಲ್ಲೂ ಒಂದೇ ಬಗೆಯ ಗುರುತಿದೆ, ಆ ಗುರುತು ಹಿಡಿದು ರ‍್ಯಾಪ್1 ಎಂಬ ಪ್ರೋಟೀನ್ ಅಲ್ಲಿ ಕೂರುತ್ತದೆ. ಸಕ್ಕರೆ, ಸಾರಜನಕ ಸಿಕ್ಕ ಸುದ್ದಿಯನ್ನು ಟಾರ್ ಎಂಬ ಕಿಣ್ವ ದಾಟಿಸಿದಾಗ ಐಎಫ್‌ಎಚ್1 ಎಂಬ ಇನ್ನೊಂದು ಪ್ರೋಟೀನ್ ಬಂದು ಸೇರಿ ನಕಲು ಕೆಲಸ ಶುರುವಾಗುತ್ತದೆ. ಆಹಾರ ಮುಗಿದರೆ ಅದು ನಿಮಿಷಗಳಲ್ಲಿ ಜಾಗ ಖಾಲಿ ಮಾಡುತ್ತದೆ.

ಇಷ್ಟಾದರೂ ಲೆಕ್ಕ ಪಕ್ಕಾ ಬರುವುದಿಲ್ಲ. ಒಂದು ಕ್ರೋಮೋಸೋಮ್ ಹೆಚ್ಚಿಗೆ ಇರುವ ಯೀಸ್ಟ್‌ಗಳಲ್ಲಿ ಅದರ ಜೀನ್‌ಗಳು ಇಮ್ಮಡಿ ಸಂದೇಶ ಕಳಿಸುತ್ತವೆ. ಹಾಗಿದ್ದೂ ಯಂತ್ರದ ಬಿಡಿಭಾಗಗಳಾದ ಅನೇಕ ಪ್ರೋಟೀನ್‌ಗಳ ಪ್ರಮಾಣ ಮೊದಲಿನ ಮಟ್ಟದ ಆಸುಪಾಸಿನಲ್ಲೇ ಉಳಿಯುತ್ತದೆ. ಜೊತೆ ಸಿಗದ ಭಾಗಗಳನ್ನು ಕೋಶ ಒಡೆದು ಹಾಕುತ್ತದೆ. ಹೆಚ್ಚು ಮಾಡಿ ಬಿಸಾಡುವುದು ದುಂದು ಎನಿಸಬಹುದು, ಆದರೆ ಒಂದು ಭಾಗಕ್ಕೆ ಕೊರತೆಯಾಗಿ ಇಡೀ ಯಂತ್ರ ನಿಲ್ಲುವುದಕ್ಕಿಂತ ಅದು ಅಗ್ಗ.

ಒಡೆಯುವ ಯಂತ್ರದ ಹೆಸರು ಪ್ರೋಟಿಯಸೋಮ್, ಅದರಲ್ಲೂ ಮೂವತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳಿವೆ. ಇದರ ಲೆಕ್ಕ ಇಡುವ ವಿಧಾನ ನಮಗೆ ಎಲ್ಲಕ್ಕಿಂತ ಜಾಣತನದ್ದಾಗಿ ಕಾಣುತ್ತದೆ. ಬಿಡಿಭಾಗಗಳ ಹೆಚ್ಚಿನ ಜೀನ್‌ಗಳ ಮುಂದೆ 9 ಅಕ್ಷರಗಳ ಒಂದೇ ಗುರುತಿದೆ. ಅದನ್ನು ಓದಿ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಆರ್‌ಪಿಎನ್4. ಆ ಆರ್‌ಪಿಎನ್4ನ್ನೇ ಪ್ರೋಟಿಯಸೋಮ್ ತಿಂದು ಹಾಕುತ್ತದೆ. ಸುಮಾರು ಎರಡು ನಿಮಿಷಕ್ಕೆ ಅರ್ಧದಷ್ಟು ಮಾಯ. ಯಂತ್ರಗಳು ಸಾಕಷ್ಟಿದ್ದಾಗ ಆರ್‌ಪಿಎನ್4 ಉಳಿಯುವುದೇ ಇಲ್ಲ, ಹೊಸ ಯಂತ್ರಗಳ ತಯಾರಿ ತಗ್ಗುತ್ತದೆ. ಯಂತ್ರ ಕಡಿಮೆಯಾದರೆ ಆರ್‌ಪಿಎನ್4 ತಾನಾಗಿ ಶೇಖರವಾಗಿ ತಯಾರಿ ಹೆಚ್ಚುತ್ತದೆ. ಎಣಿಸಲು ಬೇರೆ ಗುಮಾಸ್ತ ಬೇಕಿಲ್ಲ.

ಮನುಷ್ಯರ ಕೋಶಗಳಲ್ಲಿ ಆರ್‌ಪಿಎನ್4 ಇಲ್ಲ, ಆದರೆ ಎನ್‌ಆರ್‌ಎಫ್1 ಎಂಬ ಪ್ರೋಟೀನ್ ಇಂಥದ್ದೇ ಕೆಲಸ ಮಾಡುತ್ತದೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆದ ಬೋರ್ಟೆಜೊಮಿಬ್ ಔಷಧಿ ಪ್ರೋಟಿಯಸೋಮನ್ನು ತಡೆದು, ಕ್ಯಾನ್ಸರ್ ಕೋಶ ತನ್ನದೇ ಕಸದಲ್ಲಿ ಸಾಯುವಂತೆ ಮಾಡುತ್ತದೆ. ತಡೆ ಬಿದ್ದೊಡನೆ ಎನ್‌ಆರ್‌ಎಫ್1 ಎಚ್ಚೆತ್ತು ಹೊಸ ಪ್ರೋಟಿಯಸೋಮ್‌ಗಳನ್ನು ಕಟ್ಟಿಸುತ್ತದೆ. ಔಷಧಿಯ ಪೆಟ್ಟನ್ನು ಕ್ಯಾನ್ಸರ್ ಕೋಶ ತಾಳಿಕೊಳ್ಳಲು ಇದೂ ಒಂದು ದಾರಿ ಇರಬಹುದೆಂದು, ಈ ಎಚ್ಚರವನ್ನೇ ಅಡಗಿಸುವ ಬಗೆಯನ್ನು ಸಂಶೋಧಕರು ಹುಡುಕುತ್ತಿದ್ದಾರೆ.

ಇನ್ನು ಜೋನಿಬೆಲ್ಲದ ವಿಷಯ: ಬೂಸಲು ಬಂದಿದ್ದರೆ ಎಸೆಯಿರಿ. ಬರೀ ನೊರೆಯಾದರೆ ಕುದಿಸಿ ಗಟ್ಟಿ ಮಾಡಿದಾಗ ಯೀಸ್ಟ್ ಸಾಯುತ್ತದೆ, ಬಂದ ಹುಳಿ ಮಾತ್ರ ಹೋಗುವುದಿಲ್ಲ. ಡಬ್ಬಿಗೆ ಒಣ ಚಮಚವನ್ನೇ ಹಾಕಿ.